ಹಡಗಿನಲ್ಲಿ ನಿಂತ ತೆಂಗಿನಕಾಯಿ

ಕೆರಿಬಿಯನ್ ಸಮುದ್ರದ ಮೇಲಿನಿಂದ,
ಭಾನುವಾರ ರಾತ್ರಿ

ಪೂಜ್ಯ ದೊಡ್ಡಪ್ಪನವರ ಪಾದಗಳಿಗೆ ತಮ್ಮ ಮಗನ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಅತ್ತ ತಾವು, ದೊಡ್ಡಮ್ಮ, ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ಭಾವಿಸಿದ್ದೇನೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದದ್ದು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಅದೂ ತಪ್ಪಿಲ್ಲದ ಕನ್ನಡದಲ್ಲಿ ಬರೆದಿದ್ದರೆ ಮಾತ್ರ ಎಂದು ನಾನು ಹೊರಡುವ ದಿನ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ತಾವು ಹೇಳಿದ್ದನ್ನು ಮರೆತಿಲ್ಲ. ಒತ್ತಕ್ಷರ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿರಿ, ರಜೆಗೆ ಬಂದಾಗ ನೋಡುತ್ತೇನೆ.

ಈ ಸಲ ಬರೆಯಲು ವಿಷಯವಿದೆ. ನಮ್ಮ ಹಡಗಿನ ಮನರಂಜನೆಯ ಉಸ್ತುವಾರಿ ನೋಡುವ ಕ್ರೂಸ್ ಡೈರೆಕ್ಟರ್ ಸಾಹೇಬರು ಕಳೆದ ತಿಂಗಳು ಸಿಬ್ಬಂದಿಯ ಊಟದ ಕೋಣೆಯ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟು, ಪ್ರಯಾಣಿಕರು ಇದುವರೆಗೆ ಯಾವ ಹಡಗಿನಲ್ಲೂ ಕಂಡಿರದ ಹೊಸ ಚಟುವಟಿಕೆಗಳನ್ನು ಸೂಚಿಸಬೇಕು, ಎಷ್ಟು ವಿಚಿತ್ರವಾಗಿದ್ದರೂ ಅಡ್ಡಿಯಿಲ್ಲ ಎಂದು ಚೀಟಿ ಅಂಟಿಸಿದರು. ಆಯ್ಕೆಯಾದ ಸೂಚನೆಗೆ ಬಹುಮಾನವೆಂದರೆ ಒಂದು ವಾರದ ಉಚಿತ ಇಂಟರ್ನೆಟ್. ದಿನಕ್ಕೆ ಹದಿನಾರು ಕೋಣೆಗಳ ಹಾಸಿಗೆ ಮಡಚಿ, ಟವೆಲ್ಲಿನಲ್ಲಿ ಆನೆ, ಕೋತಿ, ಹಂಸಗಳನ್ನು ಮಾಡಿ ಹಾಸಿಗೆಯ ಮೇಲೆ ಕೂರಿಸುವ ನನ್ನಂಥವನಿಗೆ ಇದು ಸಣ್ಣ ಆಸೆಯಲ್ಲ.

ಆದರೆ ಹೊಸದು ಎಂಬುದು ಇಲ್ಲಿ ಸುಲಭವಾಗಿ ಸಿಗುವ ಸರಕಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ವ್ಯಾಯಾಮಶಾಲೆಯಲ್ಲೇ ವಿದ್ಯುತ್ತಿನಿಂದ ಕುಲುಕಾಡುವ ಒಂಟೆಯೊಂದಿತ್ತು. ಕೋಟು ಹಾಕಿಕೊಂಡ ದೊಡ್ಡ ಮನುಷ್ಯರು ಅಟ್ಲಾಂಟಿಕ್ ಸಾಗರದ ನಡುವೆ ಅದರ ಮೇಲೆ ಕುಳಿತು ಮರುಭೂಮಿಯ ಸವಾರಿ ಮಾಡುತ್ತಿದ್ದರು. 1999ರಲ್ಲಿ ವಾಯೇಜರ್ ಆಫ್ ದಿ ಸೀಸ್ ಎಂಬ ಹಡಗಿನೊಳಗೆ ಮಂಜುಗಡ್ಡೆಯ ಮೇಲೆ ಜಾರುವ ಅಂಗಳವೂ ಬಂಡೆ ಹತ್ತುವ ಗೋಡೆಯೂ ಬಂದವು. 2014ರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ಕೆಳಗಿನಿಂದ ಗಾಳಿ ಊದಿ ಮನುಷ್ಯರನ್ನು ತೇಲಿಸುವ ಕೊಳವೆ, ಯಂತ್ರದ ಕೈಗಳೇ ಮದ್ಯ ಬೆರೆಸಿ ಕೊಡುವ ಬಾರು, ಸಮುದ್ರದಿಂದ ಸುಮಾರು 300 ಅಡಿ ಮೇಲಕ್ಕೆ ಜನರನ್ನು ಎತ್ತಿ ತೋರಿಸುವ ಗಾಜಿನ ಗೋಳ ಇವೆಲ್ಲ ಸೇರಿಕೊಂಡವು. 2017ರ ನಾರ್ವೀಜಿಯನ್ ಜಾಯ್ ಹಡಗಿನ ಮಾಳಿಗೆಯ ಮೇಲೆ ಸಣ್ಣ ಕಾರುಗಳನ್ನು ಓಡಿಸಿ ಪಂದ್ಯ ಆಡಬಹುದು. 2021ರಲ್ಲಿ ಯಾನ ಆರಂಭಿಸಿದ ಮಾರ್ಡಿ ಗ್ರಾ ಹಡಗಿನಲ್ಲಿ ರೋಲರ್ ಕೋಸ್ಟರನ್ನೇ ಕಟ್ಟಿದ್ದಾರೆ. 2024ರಲ್ಲಿ ಜನರನ್ನು ಹೊರತೊಡಗಿದ ಐಕಾನ್ ಆಫ್ ದಿ ಸೀಸ್ ಹಡಗಿನ ಉದ್ದ 365 ಮೀಟರ್, ಅದರೊಳಗೆ ಈಜುಕೊಳಗಳು ಏಳು. ಸುತ್ತ ಸಮುದ್ರವನ್ನೇ ಇಟ್ಟುಕೊಂಡು ಏಳು ಕೊಳ ಏತಕ್ಕೆ ಎಂದು ಅಜ್ಜಿ ಖಂಡಿತ ಕೇಳುತ್ತಾರೆ. ನನಗೂ ತಿಳಿಯದು, ಅಜ್ಜಿಗೆ ಏನಾದರೂ ಹೇಳಿ ಸಮಾಧಾನ ಮಾಡಿ.

ಇಷ್ಟೆಲ್ಲ ಇದ್ದರೂ ಪ್ರಯಾಣಿಕರ ಮುಖ್ಯ ಕಸುಬು ಊಟವೇ. ಅಪ್ಪನಿಗೆ ಒಂದೇ ಮಾತಿನಲ್ಲಿ ಅರ್ಥವಾಗಬೇಕಾದರೆ, ಇವರು ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ, ರೇಷ್ಮೆಹುಳುಗಳ ಹಾಗೆ ತಿನ್ನುತ್ತಾರೆ. ರಾತ್ರಿ ಹುಳುಮನೆಯಲ್ಲಿ ಸೊಪ್ಪು ಹಾಸಿ ದೀಪ ಆರಿಸಿದ ಮೇಲೆ ಹೆಂಚಿನ ಮೇಲೆ ಸೋನೆಮಳೆ ಬಿದ್ದಂತೆ ಕೇಳಿಸುತ್ತದಲ್ಲ, ಬಫೆಯ ಊಟದ ಕೋಣೆಯಲ್ಲಿ ನೂರಾರು ಚಮಚಗಳಿಂದ ಅದೇ ಸದ್ದು ಬರುತ್ತದೆ. ಪ್ರವಾಸ ಏಳು ರಾತ್ರಿಯದು, ಜ್ವರ ಎದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ. ಏಳನೆಯ ದಿನ ಇವರೂ ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಒರಗಲು ಒಂದು ಮೂಲೆ ಹುಡುಕುತ್ತ ಸುಮ್ಮನೆ ಓಡಾಡುತ್ತಾರೆ. ನನ್ನ ಮೊದಲ ಸೂಚನೆ ಹುಟ್ಟಿದ್ದು ಹೀಗೆ: ಹುಳು ಗೂಡು ಕಟ್ಟಲು ಬಿಡುವ ನಮ್ಮ ಆರು ಅಡಿಗೆ ನಾಲ್ಕು ಅಡಿಯ ಬಿದಿರಿನ ಚಂದ್ರಂಕಿಗಳನ್ನು ತರಿಸಿ, ತಿಂದು ಹಣ್ಣಾದ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಅದರ ಮೇಲೆ ಮಲಗಿಸಿ, ಬಿಳಿಯ ಹೊದಿಕೆ ಸುತ್ತಿ, ಮೂರು ದಿನ ಯಾರೂ ಮುಟ್ಟದಂತೆ ನೆರಳಿನಲ್ಲಿ ಇಡುವುದು. ಸಾಹೇಬರು ನಗುತ್ತಾರೆಂದುಕೊಂಡಿದ್ದೆ. ಆದರೆ ಸ್ಪಾ ವಿಭಾಗದ ಮೇಲ್ವಿಚಾರಕಿ ಅದನ್ನು ಎರಡು ಸಲ ಓದಿ, ಗಂಟೆಗೆ ಎಷ್ಟು ದರ ಇಡಬಹುದೆಂದು ಗಂಭೀರವಾಗಿ ಕೇಳಿದರು. ಸಮುದ್ರದ ಪಾಚಿಯನ್ನು ಮೈಗೆ ಮೆತ್ತಿ ಬಟ್ಟೆ ಸುತ್ತಿ ಮಲಗಿಸುವ ಸೇವೆ ಅಲ್ಲಿ ಈಗಾಗಲೇ ಇರುವುದರಿಂದ ಆಕೆಗೆ ಇದು ಅಂಥ ದೊಡ್ಡ ಜಿಗಿತವೆಂದು ತೋರಲಿಲ್ಲ. ಗೂಡು ಕಟ್ಟಿದ ಮೇಲೆ ಹುಳುವಿನ ಗತಿ ಏನಾಗುತ್ತದೆಂದು ನಾನು ಹೇಳಲು ಹೋಗಲಿಲ್ಲ.

ಎರಡನೆಯ ಸೂಚನೆ ಕುರ್ಚಿಗಳದ್ದು. ಈಜುಕೊಳದ ಸುತ್ತ ಇರುವ ಒರಗು ಕುರ್ಚಿಗಳಿಗಾಗಿ ಇಲ್ಲಿ ಬೆಳಿಗ್ಗೆ ಆರು ಗಂಟೆಗೇ ಜಗಳ ಶುರುವಾಗುತ್ತದೆ. ಎದ್ದವರೇ ಬಂದು ಟವೆಲ್ ಹಾಸಿ, ಅದರ ಮೇಲೊಂದು ಪುಸ್ತಕವನ್ನೋ ಚಪ್ಪಲಿಯನ್ನೋ ಇಟ್ಟು, ಮತ್ತೆ ಹೋಗಿ ಮಲಗುತ್ತಾರೆ. ಚಿಂತಾಮಣಿ ಬಸ್ಸಿನ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿದು ಬೆಳೆದ ನನಗೆ ಇವರ ಕೈಚಳಕ ತೀರಾ ಎಳಸು ಎನ್ನಿಸಿತು. ಆದ್ದರಿಂದ, ಕುರ್ಚಿಗಳ ಸಾಲಿನ ಎದುರು ಬಸ್ಸಿನ ಕಿಟಕಿಯಂಥ ಚೌಕಟ್ಟು ನಿಲ್ಲಿಸಿ, ಇಪ್ಪತ್ತು ಅಡಿ ದೂರದಿಂದ ಟವೆಲ್ ಎಸೆದು ಕುರ್ಚಿ ಗೆಲ್ಲುವ ಪಂದ್ಯವನ್ನೂ, ಒಂದೇ ಕುರ್ಚಿಗೆ ಇಬ್ಬರ ಟವೆಲ್ ಬಿದ್ದರೆ ಘಾಟಿ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಮಾಡುವಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವ ಪದ್ಧತಿಯನ್ನೂ ಸೂಚಿಸಿದೆ. ದಲ್ಲಾಳಿಯ ಕೆಲಸಕ್ಕೆ ನಾನೇ ಇದ್ದೇನೆಂದೂ ಬರೆದೆ. ಅಪರಿಚಿತರ ಕೈ ಹಿಡಿಯುವುದು ನಿಯಮಕ್ಕೆ ಹೊಂದುವುದಿಲ್ಲವೆಂದು ಅದು ತಿರಸ್ಕಾರವಾಯಿತು.

ಮುದ್ದೆಯ ಪ್ರಸಂಗ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅಗಿಯದೆ ಮುದ್ದೆ ನುಂಗುವ ಸ್ಪರ್ಧೆಯನ್ನು ಸೂಚಿಸಿ, ಮಾದರಿಗೆಂದು ಅಮ್ಮ ಕಟ್ಟಿಕೊಟ್ಟಿದ್ದ ರಾಗಿಹಿಟ್ಟನ್ನು ತೆಗೆದುಕೊಂಡು ಹಡಗಿನ ಅಡುಗೆಮನೆಗೆ ಹೋದೆ. ಬೆಂಕಿಗೆ ಹಡಗು ಬಹಳ ಹೆದರುತ್ತದೆ, ಆದ್ದರಿಂದ ಅಲ್ಲಿ ಉರಿಯುವ ಒಲೆಯೇ ಇಲ್ಲ, ಎಲ್ಲವೂ ವಿದ್ಯುತ್ತಿನ ತಟ್ಟೆಗಳು. ಎಸರು ಕುದಿಯಿತು, ಹಿಟ್ಟು ಹಾಕಿದೆ, ನಡುವೆ ತೂತು ಮಾಡಿ ಬೇಯಲು ಬಿಟ್ಟೆ. ತೊಳಸಬೇಕೆನ್ನುವಾಗ ಹಡಗು ಒಂದು ಪಕ್ಕಕ್ಕೆ ವಾಲಿತು, ಪಾತ್ರೆ ತನ್ನಷ್ಟಕ್ಕೆ ಜಾರತೊಡಗಿತು. ಅಜ್ಜಿ ಕವೆಗೋಲಿನಿಂದ ಪಾತ್ರೆಯನ್ನು ಅದುಮಿ, ಎರಡೂ ಪಾದಗಳಿಂದ ಕವೆಗೋಲನ್ನು ಒತ್ತಿ ಹಿಡಿದು ತೊಳಸುತ್ತಿದ್ದುದರ ಬೆಲೆ ನನಗೆ ಆಗ ತಿಳಿಯಿತು. ಕೊನೆಗೆ ಫಿಲಿಪ್ಪೀನ್ಸಿನ ಗೆಳೆಯನೊಬ್ಬ ದಪ್ಪ ಕೈಗವಸು ಹಾಕಿಕೊಂಡು ಪಾತ್ರೆಯನ್ನು ಅಪ್ಪಿ ಹಿಡಿದ, ನಾನು ಚಪಾತಿ ಲಟ್ಟಣಿಗೆಯಲ್ಲಿ ತೊಳಸಿದೆ. ಗಂಟಾಗಲಿಲ್ಲ ಎಂಬುದನ್ನು ಅಮ್ಮನಿಗೆ ತಪ್ಪದೆ ತಿಳಿಸಬೇಕು. ಸಾಹೇಬರು ಒಂದು ತುತ್ತು ಬಾಯಿಗಿಟ್ಟು, ಕಾಲು ಗಂಟೆ ಅಗಿದು, ಇದು ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಅಗಿಯಬಾರದು, ನುಂಗಬೇಕು ಎಂದು ತೋರಿಸಿಕೊಟ್ಟಾಗ ಪಕ್ಕದಲ್ಲಿದ್ದ ಹಡಗಿನ ವೈದ್ಯರು ಎದ್ದು ನಿಂತು, ಇಂಥ ಸ್ಪರ್ಧೆಗೆ ತಮ್ಮ ಒಪ್ಪಿಗೆ ಎಂದಿಗೂ ಇಲ್ಲವೆಂದು ಅಲ್ಲಿಯೇ ಬರೆದುಕೊಟ್ಟರು.

ನಂದಿಬೆಟ್ಟದ ಸೂಚನೆಯೂ ಉಳಿಯಲಿಲ್ಲ. ಭಾನುವಾರ ನಸುಕಿನ ಮೂರು ಗಂಟೆಗೆ ಎದ್ದು, ತಪ್ಪಲಿನಿಂದ ಗೇಟಿನವರೆಗೆ ವಾಹನಗಳ ಸಾಲಿನಲ್ಲಿ ನಿಂತು, 1,478 ಮೀಟರ್ ಎತ್ತರಕ್ಕೆ ಏರಿ, ಮಂಜಿನಲ್ಲಿ ಪಕ್ಕದವನ ಮುಖವೂ ಕಾಣದೆ, ಸೂರ್ಯೋದಯ ನೋಡಿದೆವೆಂದು ಬೆಂಗಳೂರಿಗೆ ಹಿಂದಿರುಗುವವರ ಸುಖವನ್ನು ಹಡಗಿನಲ್ಲಿ ಹೊಗೆಯಂತ್ರ ಇಟ್ಟು ಒದಗಿಸಬಹುದೆಂದು ಬರೆದಿದ್ದೆ. ಸೂರ್ಯ ಕಾಣದಿರುವುದಕ್ಕೆ ಜನ ಏಕೆ ಹಣ ಕೊಡುತ್ತಾರೆ ಎಂದು ಸಾಹೇಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಳೆರಾಯನ ಸೂಚನೆಯಲ್ಲಿ ನನಗೆ ಹೆಚ್ಚು ನಂಬಿಕೆಯಿತ್ತು. ಸಮಭಾಜಕ ವೃತ್ತವನ್ನು ದಾಟುವ ಹಡಗುಗಳಲ್ಲಿ ಸಮುದ್ರರಾಜ ನೆಪ್ಚೂನನ ವೇಷ ಹಾಕಿದವನೊಬ್ಬ ತ್ರಿಶೂಲ ಹಿಡಿದು ಬಂದು, ಮೊದಲ ಸಲ ದಾಟುವವರಿಗೆ ಏನೇನೋ ಬಳಿದು, ತಣ್ಣೀರು ಸುರಿದು, ಸತ್ತ ಮೀನಿಗೆ ಮುತ್ತು ಕೊಡಿಸುವ ಪದ್ಧತಿ ಹಳೆಯ ಕಾಲದಿಂದ ಇದೆ. ಅದನ್ನು ಸಹಿಸುವವರು ಮಳೆರಾಯನನ್ನು ಸಹಿಸಲಾರರೇ? ನಮ್ಮಲ್ಲಿ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಳೆ ಬೇಡುತ್ತಾರೆ, ಹೆಂಗಸರು ಅವನ ತಲೆಗೆ ಕೊಡ ನೀರು ಸುರಿಯುತ್ತಾರೆ. ಇಲ್ಲಿ ಮಳೆ ಬಂದರೆ ಪ್ರಯಾಣಿಕರು ಕೌಂಟರಿಗೆ ಬಂದು ದೂರು ಕೊಡುತ್ತಾರೆ. ಆದ್ದರಿಂದ ಮೆರವಣಿಗೆಯನ್ನು ತಿರುಗುಮುರುಗು ಮಾಡಿ, ಮಳೆರಾಯನನ್ನು ಒಣಬಟ್ಟೆಯಲ್ಲಿ ಒರೆಸುತ್ತ, ಸಾಕು ಮಹರಾಯ, ಇಲ್ಲಿಂದ ಎದ್ದು ಚಿಕ್ಕಬಳ್ಳಾಪುರದ ಕಡೆಗೆ ಹೋಗು ಎಂದು ಬೇಡಿಕೊಳ್ಳಬೇಕೆಂದು ಬರೆದೆ. ಇದರಲ್ಲಿ ನನ್ನ ಸ್ವಾರ್ಥ ಸೇರಿದೆಯೆಂಬುದು ತಮಗೆ ತಿಳಿಯುತ್ತದೆ, ಸಾಹೇಬರಿಗೆ ತಿಳಿಯಲಿಲ್ಲ. ಹಡಗಿನೊಳಗೆ ಮಣ್ಣು ತರುವುದಕ್ಕೆ ಅನುಮತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅದೂ ಬಿದ್ದುಹೋಯಿತು.

ಕೊನೆಗೆ ಗೆದ್ದದ್ದು ತೆಂಗಿನಕಾಯಿ. ಬೋರ್‌ವೆಲ್ ಕೊರೆಸುವ ಜಾಗ ಗುರುತಿಸಲು ನೀರಿನ ಪಾಯಿಂಟ್ ನೋಡುವವರು ಅಂಗೈಯಲ್ಲಿ ಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದನ್ನೂ, ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುವುದನ್ನೂ ವಿವರಿಸಿದಾಗ ಸಾಹೇಬರ ಕಣ್ಣು ಅರಳಿತು. ಅಡುಗೆಮನೆಯಿಂದ ಹನ್ನೆರಡು ಕಾಯಿ ಕೊಟ್ಟರು. ಕಳೆದ ಗುರುವಾರ ಯಾವ ಬಂದರೂ ಇಲ್ಲದೆ ದಿನವಿಡೀ ಸಮುದ್ರದ ಮೇಲೆಯೇ ಇದ್ದುದರಿಂದ, ಮಧ್ಯಾಹ್ನ ಪ್ರಯೋಗ ನಡೆಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಾನೇ ಪಾಯಿಂಟ್ ನೋಡುವವನಾದೆ. ಕೇಮನ್ ಕಂದಕ ಎಂಬ ಜಾಗ ಈ ಸಮುದ್ರದಲ್ಲಿದೆ, ಅದರ ಅತಿ ಆಳದಲ್ಲಿ 7,600 ಮೀಟರಿಗೂ ಹೆಚ್ಚು ನೀರು. ನಮ್ಮ ಬೋರ್‌ವೆಲ್ ಲೆಕ್ಕದಲ್ಲಿ ಸುಮಾರು 25,000 ಅಡಿ, ಮೇಲಿನಿಂದ ತಳದವರೆಗೆ ಕೇಸಿಂಗ್ ಪೈಪಿಲ್ಲದೆ ನೀರೇ ನೀರು. ಅಂಥ ಸಮುದ್ರದ ಮೇಲೆ ಕಾಯಿ ಎಲ್ಲಿ ನಿಂತರೂ ಆಶ್ಚರ್ಯವಿಲ್ಲವಾದ್ದರಿಂದ, ಕಾಯಿ ನಿಲ್ಲದ ಜಾಗವನ್ನು ಹುಡುಕಿದವರಿಗೇ ಬಹುಮಾನವೆಂದು ಸಾರಿದೆವು.

ಎಂಬತ್ತು ಮಂದಿ ಬಂದರು. ಜೂಜಿನ ಕೋಣೆಯಲ್ಲಿ ಕಾಯಿ ನಿಂತಿತು. ಗ್ರಂಥಾಲಯದಲ್ಲಿ, ಲಿಫ್ಟಿನಲ್ಲಿ, ಶೌಚಾಲಯದ ಬಾಗಿಲಲ್ಲಿ ನಿಂತಿತು. ನಿವೃತ್ತ ನ್ಯಾಯಾಧೀಶರೆಂದು ಹೇಳಿಕೊಂಡವರೊಬ್ಬರು ಇದರಲ್ಲಿ ಮೋಸವಿದೆಯೆಂದು ವಾದಿಸುತ್ತಿರುವಾಗಲೇ ಅವರ ಅಂಗೈಯಲ್ಲಿ ನೆಟ್ಟಗೆ ನಿಂತಿತು. ನಾನು ಹತ್ತಿರ ನಿಂತು ಗಮನಿಸಿದೆ, ದೊಡ್ಡಪ್ಪ. ಕಾಯಿ ಏಳಲಿ ಎಂದು ಮನಸ್ಸಿನಲ್ಲಿ ಅಂದುಕೊಂಡವರ ಅಂಗೈ ಅವರಿಗೇ ತಿಳಿಯದಂತೆ ಕುಳಿಯಾಗುತ್ತದೆ, ಕಿರುಬೆರಳು ಒಂದಿಷ್ಟು ಮಡಚಿಕೊಳ್ಳುತ್ತದೆ, ಮಣಿಕಟ್ಟು ವಾಲುತ್ತದೆ, ಕಾಯಿ ಏಳುತ್ತದೆ. ಅವರು ಬೇಕೆಂದು ಮಾಡುವುದಲ್ಲ, ಆಣೆ ಮಾಡಿ ಹೇಳಿದರೂ ನಿಜವನ್ನೇ ಹೇಳಿದಂತಾಗುತ್ತದೆ. ಕಾಯಿ ನಿಲ್ಲದೆ ಹೋದದ್ದು ಒಂದೇ ಕಡೆ: ಆರು ವರ್ಷದ ಹುಡುಗಿಯೊಬ್ಬಳ ಪುಟ್ಟ ಕೈಯಲ್ಲಿ ಹಿಡಿಯದೆ ಉರುಳಿ ಬಿದ್ದಿತು. ಬಿದ್ದದ್ದು ತುಂಬಿದ ಈಜುಕೊಳದೊಳಕ್ಕೆ. ಬಹುಮಾನವಾಗಿ ಟವೆಲ್ಲಿನ ಆನೆ ಅವಳಿಗೆ ಹೋಯಿತು, ಒಂದು ವಾರದ ಇಂಟರ್ನೆಟ್ ನನಗೆ ಬಂತು. ಮುಂದಿನ ಪ್ರವಾಸದಿಂದ ಪ್ರತಿ ಗುರುವಾರ ಬಿಂಗೋ ಆಟದ ನಂತರ ಇದೇ ಕಾರ್ಯಕ್ರಮ.

ಆ ಇಂಟರ್ನೆಟ್ಟಿನಲ್ಲಿ ಮೊದಲು ಮಾಡಿದ ಕರೆ ಅಪ್ಪನಿಗೆ. ಹಿಪ್ಪುನೇರಳೆ ತೋಟಕ್ಕೆ ಹೊಸ ಬೋರ್‌ವೆಲ್ ಕೊರೆಸಲು ಪಾಯಿಂಟ್ ನೋಡಿಸಿದ್ದಾರಂತೆ, ಹುಣಸೆಮರದ ಪಕ್ಕ ಕಾಯಿ ಸಟ್ಟನೆ ಎದ್ದು ನಿಂತಿತಂತೆ. ಹಿಂದೆ 1,200 ಅಡಿಗೆ ಒಂದು, 1,400 ಅಡಿಗೆ ಇನ್ನೊಂದು, ಎರಡೂ ಸಲ ಹೀಗೆಯೇ ಸಟ್ಟನೆ ನಿಂತಿತ್ತು, ಎರಡೂ ಸಲ ಮೇಲೆ ಬಂದದ್ದು ಬಿಳಿಯ ಧೂಳು. ಈ ತಿಂಗಳು ಕಳಿಸಿದ ಹಣವನ್ನು ರಿಗ್ ಲಾರಿಯವರಿಗೆ ಮುಂಗಡ ಕೊಡುವ ಮೊದಲು ಭೂವಿಜ್ಞಾನಿಯೊಬ್ಬರನ್ನು ಕರೆಸಿ ತೋಟ ತೋರಿಸಬೇಕೆಂದೂ, ಬೆಂಗಳೂರಿನ ಹೆಬ್ಬಾಳ-ನಾಗವಾರದಿಂದ ಬರುವ ಶುದ್ಧೀಕರಿಸಿದ ಕೊಳಚೆ ನೀರು ತುಂಬಿದ ಕೆರೆಗಳ ಅಕ್ಕಪಕ್ಕದವರ ಬಾವಿಗಳ ಸ್ಥಿತಿಯನ್ನು ಒಮ್ಮೆ ವಿಚಾರಿಸಬೇಕೆಂದೂ ತಾವೇ ಅಪ್ಪನಿಗೆ ಹೇಳಬೇಕು. ನಾನು ಹೇಳಿದರೆ ಹಡಗಿನಲ್ಲಿ ಹಾಸಿಗೆ ಮಡಚುವವನಿಗೆ ಭೂಮಿಯ ವಿಷಯ ಏನು ಗೊತ್ತು ಎನ್ನುತ್ತಾರೆ. ಲಿಫ್ಟಿನಲ್ಲಿ ಕಾಯಿ ನಿಂತ ಸಂಗತಿಯನ್ನು ಈ ಕಾಗದದಿಂದ ಅವರಿಗೆ ಎರಡು ಸಲ ಓದಿ ಹೇಳಿ.

ಹಡಗಿನ ಕಾಯಿಗಳಿಗೆ ಜುಟ್ಟಿರಲಿಲ್ಲ, ಅದಕ್ಕೇ ಎಲ್ಲೆಂದರಲ್ಲಿ ನಿಂತವು ಎಂದು ಅಪ್ಪ ವಾದಿಸಬಹುದು. ಜುಟ್ಟಿರಲಿಲ್ಲವೆಂಬುದು ನಿಜ.

ಇಂತಿ ತಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗ