ಕಮಾನಿಗಿಂತ ಮೊದಲು ನೀರಿನ ವಾಲ್ವ್ ಹಾಕಿಸಿ

ಮಾನ್ಯರೇ,

ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಲು, ಚೆನ್ನಾಗಿರುವ ಚರಂಡಿ ಒಡೆದು ಮತ್ತೆ ಕಟ್ಟಿಸಲು ಹಣ ಹೊಂದಿಸುವ ನಮ್ಮಂಥ ಸಣ್ಣ ಊರುಗಳಲ್ಲಿ, ಅಗ್ನಿಶಾಮಕ ಗಾಡಿಗೆ ನೀರು ತುಂಬಿಸಲು ಒಂದು ಜಾಗವೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಯ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ತಾಲ್ಲೂಕು ಕೇಂದ್ರದಿಂದ ಗಾಡಿ ಬಂತು. ಸಿಬ್ಬಂದಿ ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ಆದರೆ ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ ಹಿಡಿಸುವುದು 4,500 ಲೀಟರ್ ನೀರು. ಅದು ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಮತ್ತೆ ತುಂಬಿಸಲು ಊರಾಚೆಯ ತೋಟದ ಬೋರ್‌ವೆಲ್‌ಗೆ ಹೋದರೆ, ಅಲ್ಲಿ ಕರೆಂಟ್ ಇಲ್ಲ. ಇತ್ತ ಪಕ್ಕದಲ್ಲೇ ಓವರ್‌ಹೆಡ್ ಟ್ಯಾಂಕ್ ತುಂಬಿ ನಿಂತಿತ್ತು. ಅದರ ಪೈಪಿಗೆ ಗಾಡಿಯ ಹೋಸ್ ಕೂರುತ್ತಿರಲಿಲ್ಲ, ಅಷ್ಟೇ. ಹೆಂಗಸರು ಕೊಡ ಹಿಡಿದು ಓಡಾಡುವಷ್ಟರಲ್ಲಿ ಕೊಟ್ಟಿಗೆಯ ಸೂರೂ ಹೊತ್ತಿಕೊಂಡಿತ್ತು. ಹಗ್ಗ ಕೊಯ್ದು ಬಿಟ್ಟ ದನಗಳ ಬೆನ್ನ ಮೇಲೆ ಬೂದಿ ಉದುರಿದ್ದು ಇನ್ನೂ ಕಣ್ಣ ಮುಂದಿದೆ.

ಇದು ರಾಜ್ಯದ ಇಲಾಖೆಯ ಕೆಲಸ ಎಂದು ಪಟ್ಟಣ ಪಂಚಾಯಿತಿ ಸುಮ್ನೆ ಕೂರುವಂತಿಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆಂದು ಹೇಳಿರುವ 18 ವಿಷಯಗಳಲ್ಲಿ ಅಗ್ನಿಶಾಮಕ ಸೇವೆಯೂ ಇದೆ. ಟ್ಯಾಂಕಿನ ಪೈಪಿಗೆ ಗಾಡಿಯ ಹೋಸ್ ಕೂರುವಂಥ ಒಂದು ವಾಲ್ವ್ ಹಾಕಿಸಲು ಕಮಾನಿನಷ್ಟು ಖರ್ಚೂ ಆಗದು, ಅಲ್ವಾ?

ಮುಂದಿನ ಬಜೆಟ್‌ಗೆ ಮೊದಲೇ ಪಂಚಾಯಿತಿಯವರು ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಟ್ಯಾಂಕ್ ತೋರಿಸಲಿ. ಅವರ ಹೋಸ್‌ಗೆ ಹೊಂದುವ ವಾಲ್ವ್ ಹಾಕಿಸಿ, ಅದರ ಕೀಲಿ ಹಗಲೂ ರಾತ್ರಿ ನೀರುಗಂಟಿಯ ಬಳಿ ಸಿಗುವಂತೆ ಮಾಡಲಿ.

– ಒಬ್ಬ ನಿವಾಸಿ