ಎಂಟು ಶವಗಳ ಪಟ್ಟಿಯೇ ನಮ್ಮ ಮಕ್ಕಳಿಗೂ?

ಮಾನ್ಯ ಸಂಪಾದಕರೆ,

ಮಕ್ಕಳ ನಡಿಗೆಯನ್ನು ಕ್ಯಾಮೆರಾಗಳಿಂದ ಅಳೆಯುವ ಪ್ರಯೋಗಾಲಯವೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ ಮಗುವಿನ ಸೊಂಟದ ಮೂಳೆ, ಮಂಡಿ, ಪಾದದ ಗಂಟನ್ನು ಬೆರಳಿನಿಂದ ತಡವಿ ಹುಡುಕಿ, ಬೆಳಕಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸುತ್ತೇನೆ. ಕ್ಯಾಮೆರಾಕ್ಕೆ ಕಾಣುವುದು ಆ ಗುಂಡುಗಳಷ್ಟೇ. ತೊಡೆ, ಕಣಕಾಲು, ಪಾದ ಒಂದೊಂದನ್ನೂ ಕಂಪ್ಯೂಟರ್ ಬಾಗದ ತುಂಡೆಂದು ಭಾವಿಸಿ ಹಿಂಬಾಲಿಸಿ, ಕೀಲುಗಳ ಕೋನಗಳನ್ನು ಲೆಕ್ಕ ಹಾಕುತ್ತದೆ. ಆದರೆ ತೊಡೆಯ ಚರ್ಮ ಹೆಜ್ಜೆಹೆಜ್ಜೆಗೂ ಮೂಳೆಯ ಮೇಲೆ ಜಾರುತ್ತಿರುತ್ತದೆ.

ಕಳೆದ ತಿಂಗಳು ಹುಡುಗಿಯೊಬ್ಬಳ ಮಂಡಿಯ ಗುಂಡನ್ನು ಬೆರಳಗಲ ಹಿಂದಕ್ಕೆ ಅಂಟಿಸಿಬಿಟ್ಟಿದ್ದೆ. ಪರದೆಯ ಮೇಲೆ ತೊಡೆ ಹೊರಕ್ಕೆ ತಿರುಚಿದಂತೆ ಕಂಡಿತು. ದಣಿದ ಮಗುವನ್ನು ಮತ್ತೆ ನಡೆಸಬೇಕಾಯಿತು. ನಡೆಸದೆ ಗತಿಯಿಲ್ಲ, ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ವೈದ್ಯರು ಯೋಚಿಸುವಾಗ ಇದೇ ಕೋನಗಳು ಮುಂದಿರುತ್ತವೆ.

ಕೀಲುಗಳ ಮೇಲಿನ ಬಲ ತಿಳಿಯಲು ಪ್ರತಿ ಭಾಗದ ತೂಕವೂ ಬೇಕು. ಇಂದಿಗೂ ಬಳಕೆಯಲ್ಲಿರುವ ಒಂದು ಪಟ್ಟಿ, ಅಮೆರಿಕದಲ್ಲಿ ಡೆಂಪ್‌ಸ್ಟರ್ ಎಂಬ ಸಂಶೋಧಕ 8 ವಯಸ್ಕ ಗಂಡಸರ ಶವಗಳನ್ನು ಅಳೆದು 1955ರಲ್ಲಿ ಪ್ರಕಟಿಸಿದ್ದು. ಅದರ ಪ್ರಕಾರ ಒಂದು ತೊಡೆ ಎಂದರೆ ದೇಹತೂಕದ ಸುಮಾರು ಶೇ 10. ಸ್ನಾಯು ಸೊರಗಿದ ಆರು ವರ್ಷದ ಕೂಸಿಗೂ ಅದೇ ಲೆಕ್ಕವೇ? ನಮ್ಮ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಕೂಡಿ, ಸ್ಕ್ಯಾನ್ ಮೂಲಕ ಇಲ್ಲಿನ ಮಕ್ಕಳ ಅಳತೆಗಳನ್ನೇ ಸಂಗ್ರಹಿಸಲಿ. ಸರ್ಕಾರ ಅದಕ್ಕೆ ಹಣ ಕೊಡಲಿ.

– ಒಬ್ಬ ಫಿಸಿಯೋಥೆರಪಿಸ್ಟ್, ಬೆಂಗಳೂರು