ಮೂವತ್ತು ಕೀಲಿಯಲ್ಲಿ ಕನ್ನಡ ಹಿಡಿಸುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಮೊಬೈಲಿನಲ್ಲಿ ಬಿ, ಇ, ಎಲ್, ಇ ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿ ಕನ್ನಡ ಪದ ಪಡೆಯಲು ಹೊರಟವರಿಗೆ ಬೆಲೆ ಸಿಗಬಹುದು, ಬೆಳೆ ಸಿಗಬಹುದು, ಬೇಳೆಯೂ ಸಿಗಬಹುದು. ಎರಡು ಸ್ವರ ಹ್ರಸ್ವವೋ ದೀರ್ಘವೋ, ನಡುವಿನದು ಲಕಾರವೋ ಳಕಾರವೋ ಎಂದು ಲೆಕ್ಕ ಹಾಕಿದರೆ ಎಂಟು ಬಗೆಯಲ್ಲಿ ಓದಬಹುದು. ಅದರಲ್ಲಿ ಈ ಮೂರೂ ದಿನಬಳಕೆಯ ಪದಗಳು. ಹಳ್ಳಿ–ಹಲ್ಲಿ, ಕಲ್ಲು–ಕಳ್ಳು, ಕಾಡು–ಕಾದು, ಹೀಗೆ ಹೇಳುತ್ತಾ ಹೋಗಬಹುದು. ಹೆಜ್ಜೆ ಹೆಜ್ಜೆಗೂ ಮೇಲಿನ ಪಟ್ಟಿಯಿಂದ ಪದ ಆರಿಸಬೇಕು, ಬರೆಯುತ್ತಿರುವ ವಾಕ್ಯದಿಂದ ಕಣ್ಣು ಕೀಳಬೇಕು. ಬೇಸತ್ತವರು ಕೊನೆಗೆ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆದು ಕಳಿಸುತ್ತಾರೆ. ಇದಕ್ಕೆ ಸಿಗುವ ಸಮಜಾಯಿಷಿ ಒಂದೇ: ಕನ್ನಡಕ್ಕೆ ಅಕ್ಷರ ಜಾಸ್ತಿ, ಸಣ್ಣ ಪರದೆಯಲ್ಲಿ ಹಿಡಿಸುವುದಿಲ್ಲ. ಈ ಮಾತು ನಿಜವಲ್ಲ. ಹಿಡಿಸದಿರುವುದು ಮೇಜಿನ ಮೇಲಿನ ಕಂಪ್ಯೂಟರಿಗೆಂದು ಮಾಡಿದ ವಿನ್ಯಾಸವನ್ನು ಹಾಗೆಯೇ ಕುಗ್ಗಿಸಿ ಫೋನಿಗೆ ತಂದದ್ದರಿಂದ.

ಆಂಡ್ರಾಯ್ಡ್ ಲೆಕ್ಕದಲ್ಲಿ ಸಾಮಾನ್ಯ ಫೋನಿನ ಪರದೆಯ ಅಗಲ ಸುಮಾರು 360 ಡಿಪಿ (ಪರದೆ ಅಳೆಯುವ ಮಾನ). 160 ಡಿಪಿ ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಸಾಲಿಗೆ ಹತ್ತು ಕೀಲಿ ಇಟ್ಟರೆ ಒಂದೊಂದಕ್ಕೆ 36 ಡಿಪಿ, ಅಂದರೆ 5.7 ಮಿಲಿಮೀಟರ್ ಸಿಗುತ್ತದೆ. ಬೆರಳಿಗೆ ಸಲೀಸಾಗಲು 48 ಡಿಪಿ ಬೇಕೆಂದು ಆಂಡ್ರಾಯ್ಡ್ ಮಾರ್ಗಸೂಚಿಯೇ ಹೇಳುವಾಗ ಇದೇ ಇಕ್ಕಟ್ಟು. ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳಿಗೆಂದು ಸರ್ಕಾರ ಒಪ್ಪಿದ ಕೀಲಿಮಣೆ ವಿನ್ಯಾಸದಲ್ಲಿ ಡ, ಚ, ಟ ಮುಂತಾದವು ಇಂಗ್ಲಿಷ್ ಅಕ್ಷರಗಳ ಆಚೆ, ಆವರಣ, ಅರ್ಧವಿರಾಮ ಮತ್ತು ಉದ್ಧರಣ ಚಿಹ್ನೆಯ ಕೀಲಿಗಳ ಮೇಲೆ ಕುಳಿತಿವೆ. ಅದನ್ನು ಹಾಗೆಯೇ ತಂದರೆ ಸಾಲಿಗೆ ಹನ್ನೆರಡು ಕೀಲಿಯಾಗಿ ಅಗಲ 4.8 ಮಿಲಿಮೀಟರಿಗೆ ಇಳಿಯುತ್ತದೆ. ಹೆಬ್ಬೆರಳಿಗೆ ಅದು ಸಾಲದು.

ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೆ.ಪಿ. ರಾವ್ ಅವರ ವಿನ್ಯಾಸ ಈ ದೃಷ್ಟಿಯಲ್ಲಿ ಬಹಳ ಮುಂದಿತ್ತು. ಅಲ್ಲಿ 26 ಕೀಲಿಯಲ್ಲೇ ಕನ್ನಡ ಮುಗಿಯುತ್ತದೆ: ಅಲ್ಪಪ್ರಾಣದ ಕೀಲಿಗೆ ಶಿಫ್ಟ್ ಸೇರಿಸಿದರೆ ಮಹಾಪ್ರಾಣ, ಸ್ವರದ ಕೀಲಿಯನ್ನು ವ್ಯಂಜನದ ನಂತರ ಒತ್ತಿದರೆ ಗುಣಿತ. ಒಂದೇ ಕೀಲಿ ಸ್ಥಾನ ನೋಡಿ ಎರಡು ಕೆಲಸ ಮಾಡುವ ಈ ಉಪಾಯವೇ ಸಣ್ಣ ಸಾಧನಕ್ಕೆ ಬೇಕಾದ ಅಸಲು ಬಂಡವಾಳ. ಆದರೆ ಅದರಲ್ಲಿ ಟಕಾರ ಕ್ಯೂ ಮೇಲೆ, ಡಕಾರ ಡಬ್ಲ್ಯೂ ಮೇಲೆ, ಹಲಂತ (ವ್ಯಂಜನದ ಸ್ವರ ತೆಗೆದು ಒತ್ತಿಗೆ ದಾರಿ ಮಾಡುವ ಚಿಹ್ನೆ) ಎಫ್ ಮೇಲೆ ಬಂದದ್ದು ಅಚ್ಚಾದ ಇಂಗ್ಲಿಷ್ ಕೀಲಿಗಳ ನಿರ್ಬಂಧದಿಂದ. ಗಾಜಿನ ಪರದೆಗೆ ಆ ನಿರ್ಬಂಧವಿಲ್ಲ. ಯಾವ ಅಕ್ಷರವನ್ನು ಎಲ್ಲಿ ಬೇಕಾದರೂ ಬರೆಯಬಹುದು.

ಹಾಗಾದರೆ ಎಣಿಸೋಣ. 25 ವರ್ಗೀಯ ವ್ಯಂಜನಗಳಲ್ಲಿ ಹತ್ತು ಮಹಾಪ್ರಾಣ, ಜೊತೆಗೆ ಅಪರೂಪದ ಙ, ಞ ಬಿಟ್ಟರೆ 13. ಅವರ್ಗೀಯದಲ್ಲಿ ಷಕಾರವನ್ನು ಶಕಾರದ ಕೀಲಿಯಲ್ಲೇ ಅಡಗಿಸಿದರೆ 8. ಒಟ್ಟು 21. ಹಲಂತ ಮತ್ತು ಸೊನ್ನೆ (ಅನುಸ್ವಾರ) ಸೇರಿ 23. ಅ, ಆ, ಇ, ಉ, ಎ, ಒ ಸೇರಿ 29. ಅಳಿಸುವ ಕೀಲಿಯೊಂದಿಗೆ 30: ಹತ್ತು ಕೀಲಿಯ ಮೂರು ಸಾಲು, ಕೆಳಗೆ ಸ್ಪೇಸ್ ಇರುವ ಸಾಲು, ಅಷ್ಟೇ. ಶಿಫ್ಟ್ ಬೇಕಾಗಿಲ್ಲ. ಮಹಾಪ್ರಾಣಕ್ಕೆ ಅಲ್ಪಪ್ರಾಣದ ಕೀಲಿಯನ್ನು ಮೇಲಕ್ಕೆ ಸರಕ್ಕನೆ ಎಳೆಯಬೇಕು ಅಥವಾ 300 ಮಿಲಿಸೆಕೆಂಡು ಒತ್ತಿ ಹಿಡಿಯಬೇಕು. ಎರಡೂ ದಾರಿ ಇರಲಿ. ರೂಢಿಯಾದವರು ಎಳೆಯುತ್ತಾರೆ, ಹೊಸಬರು ಹಿಡಿಯುತ್ತಾರೆ. ಐ, ಔ, ಋ, ವಿಸರ್ಗಗಳೂ ಹಾಗೆಯೇ ಎ, ಒ, ಉ, ಸೊನ್ನೆಗಳ ಕೀಲಿಯಲ್ಲೇ.

ದೀರ್ಘಕ್ಕೆ ಅದೇ ಸ್ವರವನ್ನು ಎರಡು ಸಲ ತಟ್ಟಿದರೆ ಸಾಕು. ಕನ್ನಡದ ಪದದೊಳಗೆ ಗುಡಿಸಿನ ಮೇಲೆ ಇನ್ನೊಂದು ಗುಡಿಸು ಬರುವುದಿಲ್ಲವಾದ್ದರಿಂದ ಈ ಜಾಗ ಖಾಲಿ ಇದೆ. ತೊಡಕಾಗುವುದು ಸಂಕ್ಷೇಪಗಳಲ್ಲಿ: ಎಎಸ್‌ಐ ಎಂದು ಬರೆಯ ಹೊರಟರೆ ಏಸ್‌ಐ ಆಗುತ್ತದೆ, ಎಇಇ ಎಂಬುದು ಎಈ ಆಗುತ್ತದೆ. ಹಾಗಾಗಿ ಎರಡು ತಟ್ಟಿನ ನಡುವೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬಿಡುವಾದರೆ ಅದನ್ನು ಬೇರೆ ಅಕ್ಷರ ಎಂದೇ ತಿಳಿಯಬೇಕು. ಪಿಡಿಒ, ಬಿಎ ಮುಂತಾದವುಗಳಿಗೆ ಇನ್ನೊಂದು ನಿಯಮ: ಸ್ವರದ ಕೀಲಿ ಗುಣಿತವಾಗಬೇಕಾದದ್ದು ಅದರ ಹಿಂದೆ ಬರೀ ವ್ಯಂಜನ ಇದ್ದಾಗ ಮಾತ್ರ. ಹಿಂದೆ ಆಗಲೇ ಗುಣಿತ, ಸೊನ್ನೆ ಅಥವಾ ಹಲಂತ ಇದ್ದರೆ ಸ್ವರ ಸ್ವರವಾಗಿಯೇ ಉಳಿಯಬೇಕು. ಕೀಲಿಮಣೆ ತಾನು ಕೊನೆಯಲ್ಲಿ ಕಳಿಸಿದ ಅಕ್ಷರವನ್ನು ನೆನಪಿಟ್ಟುಕೊಂಡು ಇದನ್ನು ತೀರ್ಮಾನಿಸಿದರೆ ಕೆಲಸ ಕೆಡುತ್ತದೆ. ಬರೆಯುವವರು ಪದದ ನಡುವೆ ಬೆರಳಿಟ್ಟು ತಿದ್ದಲು ಹೋದರೆ ಆ ನೆನಪಿಗೆ ಅರ್ಥವಿಲ್ಲ. ಪ್ರತಿ ಸಲವೂ ಕರ್ಸರಿನ ಹಿಂದೆ ನಿಜವಾಗಿ ಏನಿದೆ ಎಂದು ಓದಿ ನೋಡಲೇಬೇಕು.

ಈಗ ಒತ್ತಕ್ಷರ. ಅಕ್ಕ, ಅಪ್ಪ, ನನ್ನ, ಎಲ್ಲ ಎನ್ನುವ ಭಾಷೆಯಲ್ಲಿ ಹಲಂತವನ್ನು ಎರಡನೇ ಪುಟಕ್ಕೋ ಒತ್ತಿ ಹಿಡಿಯುವ ಮರೆಗೋ ತಳ್ಳುವುದು ದೊಡ್ಡ ತಪ್ಪು. ಅದೇ ವ್ಯಂಜನವನ್ನು ಎರಡು ಸಲ ತಟ್ಟಿದರೆ ಒತ್ತು ಬರಲಿ ಎಂಬ ಸಲಹೆಯೂ ನಡೆಯುವುದಿಲ್ಲ. ನನಗೆ, ಸಸಿ, ಮಮತೆ ಬರೆಯುವುದು ಹೇಗೆ? ಒತ್ತು ಅಕ್ಷರದ ಕೆಳಗೆ ಬರುತ್ತದೆ, ಆದ್ದರಿಂದ ಕೀಲಿಯನ್ನು ಕೆಳಕ್ಕೆ ಎಳೆದರೆ ಹಲಂತ ಸಮೇತ ಆ ಅಕ್ಷರ ಬೀಳಲಿ. ಇದು ಕೈಬರಹದ ಅಭ್ಯಾಸಕ್ಕೂ ಒಗ್ಗುತ್ತದೆ. ಆಗ ‘ಕನ್ನಡ’ಕ್ಕೆ ಐದರ ಬದಲು ನಾಲ್ಕು ಸ್ಪರ್ಶ, ಯಂತ್ರ ಒಳಗೆ ಏಳು ಸಂಕೇತಗಳಾಗಿ ಇಟ್ಟುಕೊಳ್ಳುವ ‘ರಾಷ್ಟ್ರ’ಕ್ಕೆ ಐದು. ಎಳೆತದ ಮಿತಿ 15 ಡಿಪಿಯ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಕಡಿಮೆ ಮಾಡಿದರೆ ಅಗ್ಗದ ಪರದೆಯಲ್ಲಿ ಬೆರಳು ನಡುಗಿದ್ದೂ ಎಳೆತವಾಗಿ ಬೇಡದ ಒತ್ತುಗಳು ಬೀಳುತ್ತವೆ. ಹೆಚ್ಚು ಮಾಡಿದರೆ ಬೆರಳು ಪಕ್ಕದ ಸಾಲಿಗೆ ಹೋಗುತ್ತದೆ. ಜಪಾನೀಯರು ಹನ್ನೆರಡು ಕೀಲಿಗಳಲ್ಲಿ ನಾಲ್ಕು ದಿಕ್ಕಿಗೆ ಎಳೆದೇ ತಮ್ಮ ಲಿಪಿ ಬರೆಯುತ್ತಾರೆ. ವ್ಯಂಜನ ಮುಟ್ಟಿದೊಡನೆ ಸುತ್ತ ಗುಣಿತಗಳ ಚಕ್ರ ಮೂಡುವ ಸ್ವರಚಕ್ರ ಎಂಬ ಕೀಲಿಮಣೆಯನ್ನು ಮುಂಬೈನ ಐಐಟಿ ರೂಪಿಸಿ ಕನ್ನಡಕ್ಕೂ ಕೊಟ್ಟಿದೆ. ಹಾಗಾಗಿ ಎಳೆದು ಬರೆಯುವುದು ಕೇಳರಿಯದ ಸಂಗತಿಯೇನಲ್ಲ.

ಎಳೆತವಿದ್ದರೂ ಹಲಂತದ ಕೀಲಿ ಮುಖಪುಟದಲ್ಲೇ ಇರಬೇಕು. ಬಸ್, ಫೋನ್, ಬ್ಯಾಂಕ್ ಎಂಬ ಹಲಂತದ ಕೊನೆ ಬೇಕು; ‘ವಿದ್ಯಾರ್ಥಿ’ಯ ಹಾಗೆ ಮಹಾಪ್ರಾಣದ ಒತ್ತೂ ಬೇಕು. ಇಲ್ಲಿಯೇ ಕನ್ನಡ ಕೀಲಿಮಣೆಗಳು ಹೆಚ್ಚು ಎಡವುವುದು. ‘ಬಸ್‌ನಲ್ಲಿ’ ಎಂದು ಬರೆಯಲು ಸಕಾರದ ಹಲಂತಕ್ಕೂ ನಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆ ಸಂಕೇತ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್ ಬೇಕು. ಅದಿಲ್ಲದಿದ್ದರೆ ‘ಬಸ್ನಲ್ಲಿ’ ಆಗುತ್ತದೆ; ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ. ಇಂಗ್ಲಿಷ್ ಮೂಲದ ಪದಕ್ಕೆ ಕನ್ನಡದ ವಿಭಕ್ತಿ ಹಚ್ಚಿದಲ್ಲೆಲ್ಲ ಬೇಕಾಗುವ ಈ ಸಂಕೇತಕ್ಕೆ ಎಷ್ಟೋ ಕೀಲಿಮಣೆಗಳಲ್ಲಿ ಜಾಗವೇ ಇಲ್ಲ, ಇದ್ದರೆ ಚಿಹ್ನೆಗಳ ಪುಟದ ಮೂಲೆಯಲ್ಲಿ. ಪರಿಹಾರ ಸುಲಭ. ಹಲಂತದ ಮೇಲೆ ಹಲಂತ ಕನ್ನಡದಲ್ಲಿ ಎಲ್ಲೂ ಬರುವುದಿಲ್ಲ, ಆದ್ದರಿಂದ ಹಲಂತವನ್ನು ಎರಡನೇ ಸಲ ತಟ್ಟಿದಾಗ ಆ ಬೇರ್ಪಡಿಕೆ ಬೀಳಲಿ. ಇನ್ನೊಂದು ಕಾಣದ ಸಂಕೇತ ರಕಾರಕ್ಕೆ ಬೇಕು. ರ, ಹಲಂತ, ಯ ಎಂದು ಒತ್ತಿದರೆ ಅರ್ಕಾವತ್ತು ಬರುತ್ತದೆ. ‘ಕಾರ್ಯ’ಕ್ಕೆ ಅದು ಸರಿ, ‘ರ‍್ಯಾಂಕ್’ಗೆ ತಪ್ಪು. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಗೊತ್ತುಮಾಡುವ ಮಾನಕವಾದ ಯೂನಿಕೋಡ್ ಪ್ರಕಾರ ರಕಾರ, ಜೋಡಿಸುವ ಸಂಕೇತ, ಆಮೇಲೆ ಹಲಂತ, ಈ ಅನುಕ್ರಮವೇ ಬೇಕು. ರಕಾರವನ್ನು ಒತ್ತಿ ಹಿಡಿದಾಗ ಈ ಮೂರೂ ಒಟ್ಟಿಗೆ ಬೀಳುವಂತೆ ಮಾಡಿದರೆ ಆಯಿತು.

ಅಳಿಸುವಾಗಲೂ ಇದೇ ಎಚ್ಚರ ಬೇಕು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು ಸಂಕೇತ. ಈಕಾರ ತಪ್ಪಿತೆಂದು ಒಮ್ಮೆ ಅಳಿಸಿದರೆ ಇಡೀ ಅಕ್ಷರ ಹೋಗಬಾರದು. ಗುಡಿಸಿನ ದೀರ್ಘ ಮಾತ್ರ ಹೋಗಬೇಕು. ಕಾಣದ ಸಂಕೇತಗಳು ಮಾತ್ರ ಪಕ್ಕದ ಹಲಂತದ ಜೊತೆಗೇ ಹೋಗಬೇಕು. ಇಲ್ಲವಾದರೆ ಕೀಲಿ ಒತ್ತಿದರೂ ಪರದೆಯಲ್ಲಿ ಏನೂ ಬದಲಾಗದೆ, ಬರೆಯುವವರು ಫೋನ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಒತ್ತಿ ಹಿಂದಿನದನ್ನೂ ಕಳೆದುಕೊಳ್ಳುತ್ತಾರೆ.

ಯಾವ ಅಕ್ಷರದ ಪಕ್ಕ ಯಾವುದು ಎಂಬುದಕ್ಕೆ ವರ್ಣಮಾಲೆಯ ಕ್ರಮವನ್ನೇ ಹಿಡಿಯಬಾರದು. ಬೆರಳು ತಪ್ಪಿ ಪಕ್ಕದ ಕೀಲಿಗೆ ಬಿದ್ದಾಗ ಸ್ವಯಂ ತಿದ್ದುವಿಕೆ ಕಾಪಾಡುವುದು ತಪ್ಪು ಪದ ನಿಘಂಟಿನಲ್ಲಿ ಇಲ್ಲದಿದ್ದರೆ ಮಾತ್ರ. ಲ, ಳ ಅಕ್ಕಪಕ್ಕ ಇದ್ದರೆ ‘ಬೆಳೆ’ ಹೋಗಿ ‘ಬೆಲೆ’ ಬರುತ್ತದೆ. ಎರಡೂ ಸರಿಯಾದ ಪದ, ಯಂತ್ರಕ್ಕೆ ಅನುಮಾನವೇ ಬರುವುದಿಲ್ಲ. ನ–ಣ, ತ–ಟ, ದ–ಡ ಜೋಡಿಗಳಿಗೂ ಇದೇ ಮಾತು. ಇವು ಕನಿಷ್ಠ ಎರಡು ಕೀಲಿ ದೂರ ಇರಲಿ. ರೂಪದಲ್ಲಿ ಹೋಲುವ ವ, ಮ, ಪ ಕೂಡ ಬೇರೆ ಬೇರೆ ಕಡೆ ಇರಲಿ. ಕೀಲಿಯ ಮೇಲಿನ ಅಕ್ಷರದ ಗಾತ್ರ 20 ಡಿಪಿಗಿಂತ ಇಳಿಯಬಾರದು. ದ–ಧ, ಬ–ಭ, ಡ–ಢ ಬೇರೆಯಾಗುವುದು ಬುಡದ ಒಂದು ಸಣ್ಣ ಸೀಳಿನಿಂದ, ಸಣ್ಣ ಅಚ್ಚಿನಲ್ಲಿ ಅದು ಕರಗಿಹೋಗುತ್ತದೆ. ಸಲಹೆ ಪಟ್ಟಿಯ ಎತ್ತರವೂ ಇಂಗ್ಲಿಷಿನದಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ‘ರಾಷ್ಟ್ರ’ದ ಎರಡನೇ ಒತ್ತು ಕತ್ತರಿಸಿಹೋಗುತ್ತದೆ.

ಸೊನ್ನೆಯ ವಿಷಯ ಇನ್ನೂ ಗಂಭೀರ. ಅನುಸ್ವಾರವೂ ಕನ್ನಡ ಅಂಕಿಯ ಸೊನ್ನೆಯೂ ಕಣ್ಣಿಗೆ ಒಂದೇ, ಯೂನಿಕೋಡಿನಲ್ಲಿ ಬೇರೆ. ಎರಡೂ ಕೈಗೆಟಕುವಂತಿದ್ದರೆ ‘ಮಂಜುನಾಥ’ನ ಹೆಸರಿನಲ್ಲಿ ಅಂಕಿ ಕೂರುತ್ತದೆ, ಆಮೇಲೆ ಆ ಹೆಸರು ಹುಡುಕಿದರೆ ಸಿಗುವುದಿಲ್ಲ. ಅಕ್ಷರದ ಬೆನ್ನಿಗೆ ಬಂದ ಅಂಕಿಯ ಸೊನ್ನೆಯನ್ನು, ಪಕ್ಕದಲ್ಲಿ ಬೇರೆ ಅಂಕಿ ಇಲ್ಲದಿದ್ದರೆ, ಕೀಲಿಮಣೆಯೇ ಅನುಸ್ವಾರಕ್ಕೆ ಬದಲಿಸಬೇಕು. ‘ಲೋಕೇಶ’ನಿಗೂ ಇದೇ ಪಾಡು: ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘ ಚಿಹ್ನೆ ಎಂಬ ಮೂರು ತುಂಡಾಗಿಯೂ ಬರೆಯಬಹುದು. ನೋಡಲು ಒಂದೇ, ಹುಡುಕಲು ಎರಡು. ಕೀಲಿಮಣೆ ಯಾವಾಗಲೂ ಒಂದೇ ಸಂಕೇತದ ರೂಪ ಕಳಿಸಬೇಕು. ಸ್ವರವನ್ನು ಎರಡು ಸಲ ತಟ್ಟಿ ದೀರ್ಘ ಮಾಡುವಾಗಲೂ ಹಳೆಯ ಗುಣಿತ ತೆಗೆದು ಹೊಸದನ್ನು ಇಡಬೇಕೇ ಹೊರತು ಬಾಲ ಅಂಟಿಸಬಾರದು.

ಪದ ಸೂಚಿಸುವ ನಿಘಂಟಿನ ಬಗ್ಗೆ ಒಂದು ಮಾತು. ‘ಮನೆ’ಯಿಂದ ಮನೆಗೆ, ಮನೆಯಲ್ಲಿ, ಮನೆಯವರಿಗೂ, ಮನೆಯಲ್ಲಿರಬೇಕಾಗಿತ್ತಂತೆ ಎಂದು ಬೆಳೆಯುವ ಭಾಷೆಗೆ ಇಡೀ ಪದಗಳ ಪಟ್ಟಿ ಎಷ್ಟು ದೊಡ್ಡದಿದ್ದರೂ ಸಾಲದು. ಮೊದಲು ಮೂಲಪದ, ಅದನ್ನು ಒಪ್ಪಿದ ಮೇಲೆ ಪ್ರತ್ಯಯಗಳು, ಹೀಗೆ ತುಂಡು ತುಂಡಾಗಿ ಸೂಚಿಸಬೇಕು.

ಗುಂಡಿಗಳ ಫೋನು ಇನ್ನೂ ಎಷ್ಟೋ ಮನೆಗಳಲ್ಲಿದೆ. ಅಲ್ಲಿ ಒಂದು ವರ್ಗಕ್ಕೆ ಒಂದು ಗುಂಡಿ ಎಂದು ವರ್ಣಮಾಲೆಯ ಕ್ರಮದಲ್ಲೇ ಇಟ್ಟರೆ ನಕಾರಕ್ಕೆ ಐದು ಸಲ, ಡಕಾರಕ್ಕೆ ಮೂರು ಸಲ ಒತ್ತಬೇಕು. ಹಲಂತಕ್ಕೆ ಪ್ರತ್ಯೇಕ ಗುಂಡಿ ಇದ್ದರೂ ‘ಕನ್ನಡ’ ಎಂಬ ಒಂದು ಪದಕ್ಕೆ 15 ಒತ್ತು. ನ, ಡ ಮೊದಲು ಬರುವಂತೆ ಬಳಕೆಯ ಕ್ರಮಕ್ಕೆ ತಂದರೆ ಐದೇ ಸಾಕು. ಎಸ್ಸೆಮ್ಮೆಸ್ಸಿಗೂ ಲೆಕ್ಕ ತೋರಿಸಬೇಕು: ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಸಂದೇಶ ಕನ್ನಡಕ್ಕೆ ಬಂದರೆ 70 ಸಂಕೇತಕ್ಕೆ ಮುಗಿಯುತ್ತದೆ, ಸಂದೇಶ ಉದ್ದವಾಗಿ ತುಂಡಾದರೆ ಪ್ರತಿ ತುಂಡಿಗೆ 67.

ಮೊಬೈಲ್ ಭಾಷೆಗಳ ಬಗೆಗಿನ ಭಾರತೀಯ ಮಾನಕ, ಐಎಸ್ 16333ರ ಮೂರನೇ ಭಾಗ, 2016ರಲ್ಲಿ ಬಂತು. ಅದರ ಆ ರೂಪದಂತೆ ಫೋನು 22 ಭಾಷೆಗಳ ಬರಹವನ್ನು ಪರದೆಯಲ್ಲಿ ತೋರಿಸಬೇಕಿತ್ತು. ಬರೆಯಲು ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾಷೆ ಇದ್ದರೆ ಸಾಕಿತ್ತು. ಆ ಇನ್ನೊಂದು ಕನ್ನಡವೇ ಆಗಬೇಕೆಂದಿರಲಿಲ್ಲ. ಆದ್ದರಿಂದ ಬೆಳೆ ಸಮೀಕ್ಷೆಗೆ, ಮೀಟರ್ ಓದಲು, ಟಿಕೆಟ್ ಕೊಡಲು ಕೈಯಲ್ಲಿ ಹಿಡಿಯುವ ಯಂತ್ರಗಳನ್ನು ರಾಜ್ಯದಲ್ಲಿ ಯಾರೇ ಕೊಳ್ಳಲಿ, ‘ಕನ್ನಡ ಬೆಂಬಲ ಇರತಕ್ಕದ್ದು’ ಎಂಬ ಒಂದು ಸಾಲಿಗೆ ಟೆಂಡರಿನ ಷರತ್ತು ಮುಗಿಸಬಾರದು. ಸ್ತ್ರೀ, ರಾಷ್ಟ್ರ, ವಿದ್ಯಾರ್ಥಿ, ಜ್ಞಾನ, ದುಃಖ, ಋಷಿ, ರ‍್ಯಾಂಕ್, ಬಸ್‌ನಲ್ಲಿ, ಎಎಸ್‌ಐ, ಮಂಜುನಾಥ ಎಂಬ ಹತ್ತು ಪದಗಳನ್ನು ಆ ಯಂತ್ರದಲ್ಲೇ, ಅದನ್ನು ಬಳಸಬೇಕಾದವರಿಂದಲೇ, ಬಿಸಿಲಿನಲ್ಲಿ ನಿಲ್ಲಿಸಿ ಒಂದೇ ಕೈಯಲ್ಲಿ ಬರೆಸಲಿ. ಪ್ರತಿ ಪದದ ಕೊನೆಯ ಅಕ್ಷರ ಅಳಿಸಿ ಮತ್ತೆ ಬರೆಸಲಿ. ಉಳಿಸಿ, ಯಂತ್ರವನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ಅದೇ ಪದಗಳನ್ನು ಇನ್ನೊಂದು ಕೀಲಿಮಣೆಯಿಂದ ಹುಡುಕಿಸಲಿ. ಹತ್ತೂ ಸಿಕ್ಕರೆ ಮಾತ್ರ ರುಜು ಹಾಕಲಿ.

ಇತಿ,
ಕನ್ನಡ ಕೀಲಿಮಣೆಗಳ ಕೆಲಸದಲ್ಲಿರುವ ಓದುಗ
ಮೈಸೂರು